ಬಾಯಿಂದ ಎಳೆದ ಡೀಸೆಲ್

ನನ್ನ ಗಂಡನಿಗೆ ಡೀಸೆಲ್ಲಿನ ರುಚಿ ಗೊತ್ತಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಬ್ಯಾರಲ್ಲಿನೊಳಗೆ ರಬ್ಬರ್ ನಳಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಒಂದೇ ಸಲ ಜೋರಾಗಿ ಎಳೆಯಬೇಕು. ಎಣ್ಣೆ ತುಟಿಗೆ ತಾಗುವಷ್ಟರಲ್ಲಿ ನಳಿಗೆಯನ್ನು ಕ್ಯಾನಿಗೆ ತಿರುಗಿಸಬೇಕು. ಆಮೇಲೆ ಅದು ತಾನೇ ಹರಿಯುತ್ತದೆ. ತುಟಿಗೆ ತಾಗಿದ ಆ ಹನಿಯನ್ನು ಅವರು ತಕ್ಷಣ ಉಗುಳುತ್ತಿರಲಿಲ್ಲ. ನಾಲಿಗೆಯ ತುದಿಯಲ್ಲಿ ಒಂದು ಕ್ಷಣ ಇಟ್ಟುಕೊಂಡು, "ಇದು ಛಲೋ ಐತಿ" ಅಂತಲೋ, "ಇದಕ್ಕ ಯಾವನೋ ಚಿಮಣಿ ಎಣ್ಣಿ ಕೂಡಸ್ಯಾನ" ಅಂತಲೋ ತೀರ್ಪು ಕೊಟ್ಟು ಆಮೇಲೆ ಉಗುಳುತ್ತಿದ್ದರು. ಸುತ್ತಲಿನ ನಾಲ್ಕು ಹಳ್ಳಿಯ ಇಂಜಿನ್ನಿನವರು ಬಾಟಲಿಯಲ್ಲಿ ಡೀಸೆಲ್ ತಂದು ಇವರ ಮುಂದೆ ಹಿಡಿಯುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ನಾವಿದ್ದದ್ದು ಹುನಗುಂದ ಮತ್ತು ಇಳಕಲ್ಲಿನ ನಡುವೆ, ರಸ್ತೆಯಿಂದ ಒಳಗೆ, ಹೊಲದಲ್ಲೇ ಕಟ್ಟಿಕೊಂಡ ಮನೆಯಲ್ಲಿ. ಎಪ್ಪತ್ತರ ದಶಕದ ಕೊನೆ. ಊರಿಗೆ ಕರೆಂಟು ಬಂದಿತ್ತು, ನಮ್ಮ ಹೊಲದ ತನಕ ಕಂಬ ಬಂದಿರಲಿಲ್ಲ. ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ನನ್ನ ಗಂಡ, ಮದುವೆಯಾಗದ ಮೈದುನ, ನಾನು. ನನಗೆ ಮಕ್ಕಳಾಗಿರಲಿಲ್ಲ. ಬಾವಿಯ ಮೇಲೆ ನೀರೆತ್ತುವ ಇಂಜಿನ್ನು, ತಗಡಿನ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ, ಅಂಗಳದಲ್ಲಿ ಸರಕಾರಿ ಹರಾಜಿನಲ್ಲಿ ಹಿಡಿದ ಹಳೆಯ ಡೀಸೆಲ್ ಪಿಕಪ್ಪು. ಈ ಮೂರೂ ಡೀಸೆಲ್ ಕುಡಿಯುತ್ತಿದ್ದವು, ಮೂರಕ್ಕೂ ಒಂದಲ್ಲ ಒಂದು ರೋಗ ಇದ್ದೇ ಇರುತ್ತಿತ್ತು.

ಪಿಕಪ್ಪಿನ ರೋಗವಂತೂ ಹೇಳತೀರದು. ಬ್ಯಾಟರಿಯಲ್ಲಿ ಜೀವ ಇರಲಿಲ್ಲ, ಆದ್ದರಿಂದ ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸಬೇಕು. ಬಾಗಲಕೋಟೆಯ ಪೇಟೆಯಲ್ಲಿ ಇಳಿಜಾರು ಎಲ್ಲೆಲ್ಲಿದೆ ಎಂದು ನನ್ನ ಗಂಡನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಚಳಿಗಾಲದ ಬೆಳಿಗ್ಗೆ ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಗೆ ಬೆಂಕಿ ಹಚ್ಚಿ, ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ಹಿಡಿಯಬೇಕು, ಆಗ ಕೆಮ್ಮುತ್ತ ಏಳುತ್ತಿತ್ತು. ರೇಡಿಯೇಟರ್ ಸೋರಿದಾಗಲೆಲ್ಲ ಅದರೊಳಗೆ ಒಂದು ಹಿಡಿ ಅರಿಶಿನ ಪುಡಿ. ನಮ್ಮ ಮನೆಯ ಸಾರಿಗಿಂತ ಹೆಚ್ಚು ಅರಿಶಿನವನ್ನು ಆ ರೇಡಿಯೇಟರ್ ತಿಂದಿದೆ. ಅತ್ತೆ ಅರಿಶಿನದ ಡಬ್ಬಿಯನ್ನು ಅಡಗಿಸಿಟ್ಟರೆ ನನ್ನ ಗಂಡ ದೇವರ ಮುಂದಿನ ಬಟ್ಟಲಿಗೇ ಕೈ ಹಾಕುತ್ತಿದ್ದರು. ಡೀಸೆಲ್ ಸೋಸಲು ನನ್ನ ಹಳೆಯ ಇಳಕಲ್ ಸೀರೆಯ ಸೆರಗು. ಅದರ ನೇಯ್ಗೆ ದಾಟಿ ಒಂದು ಕಸವೂ ಕೆಳಗಿಳಿಯುವುದಿಲ್ಲ ಎಂದು ಅವರ ನಂಬಿಕೆ.

"ನನ್ನ ಸೆರಗ ಹರದ ನಿಮ್ಮ ಗಾಡಿಗೆ ಉಡಿಸೀರಿ, ಇನ್ನ ಕುಂಕುಮಾನೂ ಹಚ್ಚರಿ" ಅಂದಿದ್ದೆ ಒಂದು ಸಲ.

"ಅದು ನಿನ್ನಷ್ಟು ಒದರೂದಿಲ್ಲಲ್ಲ, ಅದಕ್ಕ ಹಚ್ಚತೇನಿ" ಅಂದಿದ್ದರು.

ನನ್ನ ಬಾಯಿ ಜೋರು ಎಂದು ಊರಲ್ಲೆಲ್ಲ ಹೆಸರಿತ್ತು. ಗಿರಣಿಗೆ ಬಂದವರ ಜೊತೆ, ಪಾಳಿ ಮುರಿದವರ ಜೊತೆ, ಹೊಲದ ಬದು ಒತ್ತಿದವರ ಜೊತೆ ನನ್ನದು ನಿತ್ಯ ಜಗಳ. ಮನಸ್ಸಿಗೆ ಬಂದದ್ದನ್ನು ಅಲ್ಲೇ ಆಡಿ ಮುಗಿಸುವವಳು ನಾನು. ಆ ನಳಿಗೆಯ ಮೇಲೂ ಬೈಯುತ್ತಿದ್ದೆ, ಬೈಗುಳದಲ್ಲಿ ಅರ್ಧ ಚೇಷ್ಟೆ ಇರುತ್ತಿತ್ತು ಅಷ್ಟೆ. ಬಾಯಲ್ಲಿ ಡೀಸೆಲ್ ನಾತ ಎಂದು ಮುಖ ತಿರುಗಿಸುತ್ತಿದ್ದೆ. ಅದು ಜೀವ ತೆಗೆಯುತ್ತದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅದು ಉಳ್ಳಾಗಡ್ಡಿ ಕಿತ್ತ ಕಾಲ. ಬಾಗಲಕೋಟೆಗೆ ಚೀಲ ಒಯ್ಯಬೇಕಿತ್ತು. ಹಿಂದಿನ ದಿನ ಬಿಡಿಯಾಗಿ ಮಾರುವ ಒಬ್ಬನಿಂದ ಹೊಸ ಬ್ಯಾರಲ್ ಬಂದಿತ್ತು. ಬೆಳಿಗ್ಗೆ ಮೈದುನ ಚೀಲ ಹೇರುತ್ತಿದ್ದ, ನನ್ನ ಗಂಡ ನಳಿಗೆ ಹಿಡಿದು ಬ್ಯಾರಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ನಾನು ಹೊಸ್ತಿಲಲ್ಲಿ ರೊಟ್ಟಿ ಬುತ್ತಿ ಕಟ್ಟುತ್ತಿದ್ದೆ. ಆ ಡೀಸೆಲ್ಲಿಗೆ ಯಾರೋ ಪುಣ್ಯಾತ್ಮ ಧಾರಾಳವಾಗಿ ಚಿಮಣಿಗೆ ಹಾಕುವ ಸೀಮೆಎಣ್ಣೆ ಬೆರೆಸಿದ್ದ. ಬೆರೆಸಿದ ಎಣ್ಣೆ ತೆಳು, ತೆಳು ಎಣ್ಣೆ ನಳಿಗೆಯಲ್ಲಿ ಬೇಗ ಏರುತ್ತದೆ. ಇಷ್ಟು ವರ್ಷದ ಅಭ್ಯಾಸದಲ್ಲಿ ಅವರ ಎದೆಗೆ ಒಂದು ಅಳತೆ ಕೂತಿತ್ತು, ಇಷ್ಟು ಎಳೆದರೆ ಇಲ್ಲಿಗೆ ಬರುತ್ತದೆ ಎಂದು. ಆ ದಿನ ಅಳತೆ ತಪ್ಪಿತು. ಬಾಯಿ ತುಂಬ ಬಂದದ್ದು ಗುಟುಕ್ಕನೆ ಒಳಗಿಳಿಯಿತು.

ಅವರು ಒಂದೆರಡು ಸಲ ಕೆಮ್ಮಿದರು. ಕಣ್ಣು ಕೆಂಪಾದವು. ನಾನು ಬುತ್ತಿ ಬಿಟ್ಟು ಓಡಿದೆ.

"ಏನಾತ್ರಿ?"

"ಏನಿಲ್ಲ, ಒಂದ ಗುಟಕ ಹೊಟ್ಯಾಗ ಹೋತು. ಚಿಮಣಿ ಎಣ್ಣಿ ಕೂಡಸ್ಯಾನ ಮಗಾ" ಅಂದರು. ಅಷ್ಟರಲ್ಲೂ ರುಚಿ ಹೇಳಿದರು ನೋಡಿ. ನಕ್ಕರೂ ಕೂಡ.

ನಮ್ಮ ಕಡೆ ಯಾರಾದರೂ ವಿಷ ಕುಡಿದರೆ ಮಾಡುವುದು ಒಂದೇ. ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸುವುದು. ಬೆಳೆಗೆ ಹೊಡೆಯುವ ಔಷಧಿ ಕುಡಿದವರಿಗೆ ಹಾಗೇ ಮಾಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಚೊಂಬು ನೀರಿಗೆ ಹಿಡಿ ಹಿಡಿ ಉಪ್ಪು ಹಾಕಿ ಕಲಕಿ ತಂದೆ. ಅವರು ಬೇಡ ಅಂದರು. "ಬಿಡ, ತಾನಾ ಹೋಗತೈತಿ ಅದು" ಅಂದರು. ನಾನು ಬಿಡುವವಳೇ? ತಲೆ ಹಿಡಿದು ಕುಡಿಸಿದೆ. ವಾಂತಿ ಬರಲಿಲ್ಲವೆಂದು ನನ್ನ ಎರಡು ಬೆರಳನ್ನು ಅವರ ಗಂಟಲಿಗೆ ಹಾಕಿದೆ. ಅತ್ತೆ ಬೆನ್ನು ಹಿಡಿದುಕೊಂಡಿದ್ದರು. ಮೂರು ಸಲ ವಾಂತಿಯಾಯಿತು. ಪ್ರತಿ ಸಲವೂ ಅದು ನೆತ್ತಿಗೆ ಹತ್ತಿ, ಉಸಿರು ಸಿಕ್ಕಿಕೊಂಡು, ಅವರ ಮುಖ ನೀಲಿಯಾಗುತ್ತಿತ್ತು. ಅಂಗಳದ ಮಣ್ಣಿನ ಮೇಲೆ ಎಣ್ಣೆಯ ಪಸೆ ಕಂಡಾಗ ಅತ್ತೆ, "ಬಂತ ನೋಡ, ಎಲ್ಲಾ ಹೊರಗ ಬಂತ" ಅಂದರು. ನನಗೆ ಒಂದು ದೊಡ್ಡ ಕೆಲಸ ಮಾಡಿದ ಸಮಾಧಾನವಾಯಿತು.

ಮಧ್ಯಾಹ್ನಕ್ಕೆ ಅವರಿಗೆ ಚಳಿ ಬಂತು. ಸಂಜೆಗೆ ಎದೆಯಲ್ಲಿ ಚುಚ್ಚುತ್ತದೆ ಅಂದರು. ಮರುದಿನ ಬೆಳಗಾಗುವ ಹೊತ್ತಿಗೆ ಅವರ ಉಸಿರು ಓಡಿ ಬಂದವರ ಉಸಿರಿನ ಹಾಗಿತ್ತು. ಉಳ್ಳಾಗಡ್ಡಿ ಚೀಲ ಇಳಿಸಿ, ಪಿಕಪ್ಪಿನ ಹಿಂದೆ ಗಾದಿ ಹಾಸಿ ಅವರನ್ನು ಮಲಗಿಸಿದೆವು. ಅತ್ತೆಯನ್ನು ಮನೆಯಲ್ಲೇ ಬಿಟ್ಟೆವು. ಹುನಗುಂದದ ದವಾಖಾನೆಯಲ್ಲಿ ನೋಡಿ, ಬಾಗಲಕೋಟೆಗೆ ಒಯ್ಯಿರಿ, ತಡ ಮಾಡಬೇಡಿ ಅಂದರು. ಮೈದುನ ಗಾಡಿ ಹೊಡೆದ. ಅದೇ ಬ್ಯಾರಲ್ಲಿನ, ಅದೇ ಡೀಸೆಲ್ಲಿನ ಮೇಲೆ ಓಡುತ್ತಿತ್ತು ಗಾಡಿ. ಅಮೀನಗಡ ದಾಟುವ ತನಕ ಇಂಜಿನ್ನು ಟಕಟಕ ಅನ್ನುತ್ತಲೇ ಇತ್ತು. ಕಮತಗಿಯ ಹತ್ತಿರ ಒಮ್ಮೆಲೇ ನಿಂತುಬಿಟ್ಟಿತು.

ಏರ್ ಹಿಡಿದಿತ್ತು. ಡೀಸೆಲ್ ಹೋಗುವ ಪೈಪಿನಲ್ಲಿ ಗಾಳಿ ಸೇರಿದರೆ ಇಂಜಿನ್ನು ಸತ್ತ ಹಾಗೆ. ಆ ಗಾಳಿಯನ್ನು ಬಿಡಿಸುವ ಕೆಲಸ ಯಾವಾಗಲೂ ನನ್ನ ಗಂಡನದು. ಮೈದುನನಿಗೆ ಗಾಡಿ ಹೊಡೆಯಲು ಬರುತ್ತಿತ್ತೇ ಹೊರತು ರಿಪೇರಿ ಬರುತ್ತಿರಲಿಲ್ಲ. ಪಾನಾ ಹಿಡಿದು ನಿಂತಿದ್ದ, ಯಾವ ನಟ್ಟಿಗೆ ಹಾಕಬೇಕೋ ಅವನಿಗೆ ಗೊತ್ತಿರಲಿಲ್ಲ. ನಾನು ಅವನ ಕೈಯಿಂದ ಪಾನಾ ಕಸಿದುಕೊಂಡೆ.

ಹಿಂದಿನಿಂದ ಅವರ ದನಿ ಬಂತು. ಒಂದೊಂದು ಮಾತಿಗೂ ನಿಲ್ಲುತ್ತ, ಉಸಿರು ತೆಗೆದುಕೊಳ್ಳುತ್ತ ಹೇಳಿದರು. "ಫಿಲ್ಟರಿನ ಮ್ಯಾಲಿಂದು... ಸಡಿಲ ಮಾಡು... ಪೂರಾ ತಗೀಬ್ಯಾಡ... ಕೈಲೆ ಪಂಪ ಹೊಡಿ... ಬುರಗು ಬರತೈತಿ... ಬುರಗು ನಿಲ್ಲೂ ತನಕಾ ಹೊಡಿ... ಈಗ ಬಿಗಿ ಮಾಡು."

ನಾನು ಮಾಡಿದೆ. ಬಿಸಿಲಲ್ಲಿ ಕಾದ ಲೋಹಕ್ಕೆ ಕೈ ಸುಟ್ಟವು. ಬುರುಗು ನಿಂತು ಎಣ್ಣೆ ನೆಟ್ಟಗೆ ಬಂತು. ನಾಲ್ಕು ಜನರನ್ನು ಕರೆದು ತಳ್ಳಿಸಿದೆವು, ಗಾಡಿ ಎದ್ದಿತು. ಆ ವಿದ್ಯೆ ನನಗೆ ಹಾಗೆ ಬಂತು. ಆಮೇಲೆ ಎಷ್ಟು ಸಲ ಆ ಕೆಲಸ ಮಾಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಆ ತುಂಡು ತುಂಡು ಮಾತುಗಳೇ ಕಿವಿಯಲ್ಲಿ ಕೇಳಿಸುತ್ತವೆ.

ಬಾಗಲಕೋಟೆಯ ಡಾಕ್ಟರು ಮೈಸೂರು ಕಡೆಯವರು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಮೈದುನ ಗಾಡಿ ಇಳಿಜಾರಿಗೆ ನಿಲ್ಲಿಸಲು ಹೋಗಿದ್ದ. ಕೋಣೆಯಲ್ಲಿ ನಾವು ಮೂರೇ ಜನ.

"ಕುಡಿದ ಮೇಲೆ ವಾಂತಿ ಆಯಿತೇ?"

"ಆತ್ರಿ" ಅಂದೆ ನಾನು, ಉತ್ಸಾಹದಿಂದಲೇ.

"ತಾನಾಗಿ ಆಯಿತೋ, ಯಾರಾದರೂ ಮಾಡಿಸಿದರೋ?"

ನಾನು ಬಾಯಿ ತೆರೆಯುವ ಮೊದಲೇ ಅವರು ಹಾಸಿಗೆಯಿಂದ ಹೇಳಿದರು: "ನಾನಽ ರೀ... ನಾನಽ ಬೆರಳ ಹಾಕ್ಕೊಂಡ್ನಿ."

ಡಾಕ್ಟರು ಕನ್ನಡಕ ತೆಗೆದರು. "ಎಂಥ ಕೆಲಸ ಮಾಡಿಕೊಂಡಿರಿ. ಹೊಟ್ಟೆಗೆ ಹೋಗಿದ್ದು ಹೊಟ್ಟೆಯಿಂದಲೇ ಹೋಗುತ್ತಿತ್ತು. ವಾಂತಿ ಮಾಡಿಕೊಂಡಾಗ ಮೇಲೆ ಬಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ. ಸುಮ್ಮನೆ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ" ಅಂದರು.

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದರು. ಆ ಮಾತು ನನಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನನ್ನ ಎರಡು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಡಾಕ್ಟರು ಹೋದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು.

"ಮನ್ಯಾಗ ಹೇಳಬ್ಯಾಡ" ಅಂದರು. "ಅವ್ವ ನಿನ್ನ ಬಾಳಗೊಡೂದಿಲ್ಲ."

ಎರಡು ದಿನ ಬದುಕಿದ್ದರು. ಅಷ್ಟರಲ್ಲಿ ಒಂದು ಸಲವಾದರೂ ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು ಅನ್ನಿಸುತ್ತದೆ. ಅದೇ ಪಿಕಪ್ಪಿನ ಹಿಂದೆ, ಅದೇ ಗಾದಿಯ ಮೇಲೆ ಮನೆಗೆ ತಂದೆವು.

ಹೆಣದ ಮುಂದೆ ಕೂತು ಅತ್ತೆ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು. "ನನ್ನ ಸೊಸಿ ಭಾಳ ಬಡದಾಡಿದ್ಳವ್ವಾ. ವಾಂತಿ ಮಾಡಿಸಿ ಅರ್ಧಾ ವಿಷಾ ಹೊರಗ ತಗದಿದ್ಳು. ಆದ್ರೂ ಉಳೀಲಿಲ್ಲ ನನ್ನ ಮಗ." ಹೆಂಗಸರು ನನ್ನ ತಲೆ ಸವರಿದರು. ನಾನು ತಲೆ ತಗ್ಗಿಸಿ ಸವರಿಸಿಕೊಂಡೆ. ಹಾಗೆ ಸವರಿದ ಪ್ರತಿಯೊಂದು ಕೈಯೂ ನನಗೆ ಇವತ್ತಿಗೂ ನೆನಪಿದೆ.

ಅತ್ತೆಗೆ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ವರ್ಷ ಆ ಮಾತನ್ನು ಅವರು ಬಿಡಲಿಲ್ಲ. ಗಿರಣಿಗೆ ಬಂದವರಿಗೆ, ಚೊಳಚಗುಡ್ಡದಿಂದ ಬಂದ ನೆಂಟರಿಗೆ, ಬಳೆಗಾರ್ತಿಗೆ, ಎಲ್ಲರಿಗೂ ಹೇಳಿದರು. ಅದರಲ್ಲೊಂದು ತಿದ್ದುಪಡಿಯೂ ಬರಬರುತ್ತ ಸೇರಿಕೊಂಡಿತು: ಉಪ್ಪು ಕಡಿಮೆಯಾಯಿತು, ಇನ್ನೂ ಒಂದು ಚೊಂಬು ಕುಡಿಸಿದ್ದರೆ ಮಗ ಉಳಿಯುತ್ತಿದ್ದ ಎಂದು. ನಾನು ಕೇಳಿಸಿಕೊಂಡು ಗಿರಣಿಯ ಪಟ್ಟೆ ಬಿಗಿ ಮಾಡುತ್ತಿದ್ದೆ. ಅವರು ಹೇಳಬೇಡ ಅಂದಿದ್ದರಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಖರೆ ಅಂದರೆ ನನಗೆ ಹೆದರಿಕೆ ಇತ್ತು. ಆ ಮನೆ ಬಿಟ್ಟರೆ ನನಗೆ ಬೇರೆ ಮನೆ ಇರಲಿಲ್ಲ.

ಅಷ್ಟು ವರ್ಷ ಗಾಡಿ, ಇಂಜಿನ್ನು, ಗಿರಣಿ ಮೂರನ್ನೂ ನಡೆಸಿದವರು ನಾನು ಮತ್ತು ಮೈದುನ. ಆಯಿಲ್ ಬದಲಿಸುವುದು, ನಾಝಲ್ ಬಿಚ್ಚಿ ತೊಳೆಯುವುದು, ಸವೆದ ಗಿರಣಿ ಕಲ್ಲನ್ನು ಕುಟ್ಟಿ ಒರಟು ಮಾಡುವುದು ನನ್ನ ಪಾಲಿಗೆ ಬಂತು. ಹೊಲದೊಳಗೆ ಪಿಕಪ್ಪು ಓಡಿಸುವುದನ್ನೂ ಕಲಿತೆ. ಇಳಕಲ್ಲಿನಿಂದ ಬ್ಯಾರಲ್ಲಿಗೆ ಹಾಕುವ ಕೈಪಂಪು ತರಿಸಿ, ಹಳೆಯ ನಳಿಗೆಯನ್ನು ಒಲೆಗೆ ಹಾಕಿದೆ. ಒಂದು ವರ್ಷ ಪಂಪು ನಡೆಯಿತು. ಆಮೇಲೆ ಅದರ ಚರ್ಮದ ವಾಶರ್ ಒಣಗಿ ಗಾಳಿ ಎಳೆಯತೊಡಗಿತು. ಮೈದುನ ಎಲ್ಲಿಂದಲೋ ಮತ್ತೊಂದು ನಳಿಗೆ ಕಡಿದು ತಂದ.

"ಬಾಯಿ ಹಚ್ಚಬ್ಯಾಡೋ" ಅಂದೆ.

"ಏನಾಕೈತಿ ವೈನಿ, ನೀವ ಇದ್ದೀರಲ್ಲ ಉಪ್ಪಿನ ನೀರ ಕುಡಸಾಕ" ಅಂದ. ಚೇಷ್ಟೆಗೆ ಅಂದದ್ದು. ಅಣ್ಣನ ಹಾಗೇ ನಗುತ್ತಿದ್ದ ಅವನು.

ಆಗ ಹೇಳಬೇಕಿತ್ತು. ವಾಶರ್ ತರಿಸುತ್ತೇನೆ ಅಂದೆ. ಎರಡು ಸಲ ತರಿಸಿದೆ, ಅಳತೆ ಕೂಡಲಿಲ್ಲ. ದಿನಾ ಬೆಳಿಗ್ಗೆ ಅವನು ನಳಿಗೆಗೆ ಬಾಯಿ ಹಚ್ಚುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಎಣ್ಣೆ ಕ್ಯಾನಿಗೆ ಬೀಳುವ ಸದ್ದು ಕೇಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಜಗತ್ತಿನ ಎಲ್ಲದಕ್ಕೂ ಬಾಯಿ ಹಾಕುತ್ತಿದ್ದ ನಾನು ಅದೊಂದಕ್ಕೆ ಹಾಕಲಿಲ್ಲ. ಯಾಕೆ ಇಷ್ಟು ಹೆದರುತ್ತೀರಿ ಎಂದು ಅವನು ಕೇಳಿದರೆ ಉತ್ತರ ಕೊಡಬೇಕಾಗುತ್ತಿತ್ತು.

ಒಂದು ದಿನ ಶೇಂಗಾಕ್ಕೆ ನೀರು ಬಿಡುವ ಹೊತ್ತು. ನಾನು ಶೆಡ್ಡಿನಲ್ಲಿ ಕಲ್ಲು ಕುಟ್ಟುತ್ತಿದ್ದೆ. ಅಂಗಳದಲ್ಲಿ ಕೆಮ್ಮಿದ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ಮೈದುನ ಬ್ಯಾರಲ್ಲಿನ ಪಕ್ಕ ಎದೆ ಹಿಡಿದು ಕೂತಿದ್ದಾನೆ, ನಳಿಗೆ ನೆಲದ ಮೇಲೆ ಎಣ್ಣೆ ಸುರಿಸುತ್ತಿದೆ. ಅಡುಗೆಮನೆಯಿಂದ ಅತ್ತೆ ಓಡಿ ಬರುತ್ತಿದ್ದಾರೆ. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಕಂಡಿರಲಿಲ್ಲ. ಕೈಯಲ್ಲಿ ದೊಡ್ಡ ಕೊಡ, ಕೊಡದ ತುಂಬ ನೀರು, ಉಡಿಯಲ್ಲಿ ಉಪ್ಪಿನ ಮಡಕೆ ಮತ್ತು ಲೋಟ.

"ಈ ಸಲಾ ಬಿಡೂದಿಲ್ಲ ನಾ" ಅನ್ನುತ್ತಿದ್ದರು. "ಈ ಸಲಾ ಪೂರಾ ತಗೀತೇನಿ."

"ಅತ್ತೀ, ಬ್ಯಾಡ್ರಿ!" ಅಂದೆ.

ಅವರಿಗೆ ಕೇಳಿಸಲಿಲ್ಲ. ಲೋಟದಲ್ಲಿ ಉಪ್ಪು ಕಲಕಿ, ಮಗನ ತಲೆ ಹಿಡಿದು ಬಾಯಿಗೆ ಒತ್ತಿದರು. ಅವನು ನನ್ನ ಕಡೆ ನೋಡಿ, ನೀವೂ ಬನ್ನಿ ಎಂಬಂತೆ ಕೈ ಮಾಡಿದ. ನಾನು ಹೋಗಿ ಲೋಟಕ್ಕೆ ಹೊಡೆದೆ. ಕೊಡವನ್ನು ಒದ್ದೆ. ನೀರು ಅಂಗಳದ ತುಂಬ ಹರಿಯಿತು. ಅತ್ತೆ ನನ್ನ ಕೆನ್ನೆಗೆ ಬಾರಿಸಿದರು. "ಹುಚ್ಚ ಹಿಡದೈತೇನ ನಿನಗ? ಒಬ್ಬನ್ನ ಕಳಕೊಂಡೇನಿ!" ಅಂದು ಮತ್ತೆ ಕೊಡದ ಕಡೆ ಹೋದರು.

"ಕುಡಸಬ್ಯಾಡ್ರಿ! ಅವರು ಸತ್ತದ್ದ ಅದರಿಂದ" ಅಂದೆ. "ಡೀಸೆಲ್ಲಿನಿಂದಲ್ಲ, ನಾ ವಾಂತಿ ಮಾಡಿಸಿದ್ದರಿಂದ. ಡಾಕ್ಟರ್ ಹೇಳ್ಯಾರ. ಬಾಗಲಕೋಟ್ಯಾಗ, ನನ್ನ ಮುಂದನಽ ಹೇಳ್ಯಾರ."

ಅತ್ತೆ ಕೊಡದ ಮೇಲೆ ಕೈ ಇಟ್ಟುಕೊಂಡು ಹಾಗೇ ಬಗ್ಗಿ ನಿಂತರು. ಮೈದುನ ಕೆಮ್ಮುವುದನ್ನೂ ಮರೆತು ನನ್ನನ್ನು ನೋಡಿದ. ನಾನು ಇಬ್ಬರನ್ನೂ ನೋಡಲಿಲ್ಲ. ಅವನನ್ನು ಎಬ್ಬಿಸಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆ, ಅತ್ತೆಯನ್ನು ಅವನ ಪಕ್ಕಕ್ಕೆ ಹತ್ತಿಸಿದೆ, ಚಕ್ರದ ಕಲ್ಲು ತೆಗೆದು ಇಳಿಜಾರಿಗೆ ಗಾಡಿ ಬಿಟ್ಟೆ. ಡಾಂಬರು ರಸ್ತೆಯ ಮೇಲೆ ಅದೇ ಮೊದಲು ನಾನು ಓಡಿಸಿದ್ದು. ಹುನಗುಂದದ ತನಕ ಅವನಿಗೆ ವಾಂತಿ ಬಂದ ಹಾಗೆ ಆದಾಗಲೆಲ್ಲ, "ನುಂಗು" ಅನ್ನುತ್ತಿದ್ದೆ ನಾನು, ಅಷ್ಟೇ.

ವಾಂತಿ ಮಾಡಿಸದೆ ತಂದದ್ದು ಒಳ್ಳೆಯದಾಯಿತು ಅಂದರು ಅಲ್ಲಿಯ ಡಾಕ್ಟರು. ಅವನನ್ನು ಒಳಗೆ ಮಲಗಿಸಿದರು. ಹೊರಗಿನ ಬೆಂಚಿನ ಮೇಲೆ ಅತ್ತೆ, ನಾನು. ಅವರು ಕೇಳಿದರು.

"ನಾಕ ವರ್ಷದಿಂದ ಗೊತ್ತಿತ್ತು ನಿನಗ?"

"ಹೂಂನ್ರಿ."

"ತಿಳೀದ ಮಾಡಿದಿ ಅವಂಗ, ಆತು. ನಾನೂ ಬೆನ್ನ ಹಿಡಿದಿದ್ನಿ. ಆದ್ರ ಇಂವ ದಿನಾ ಅದನ್ನ ಬಾಯಾಗ ಇಟ್ಕೊಳ್ಳೂದು ನೋಡಕೋತ ಇದ್ದಿ. ನಾ ಮಂದಿ ಮುಂದ ಉಪ್ಪಿನ ನೀರು, ಉಪ್ಪಿನ ನೀರು ಅಂತ ಹೇಳೂದು ಕೇಳಕೋತ ಇದ್ದಿ."

"ಅವರು ಹೇಳಬ್ಯಾಡ ಅಂದಿದ್ರು ಅತ್ತೀ."

"ಅಂವ ಸತ್ತ. ನೀ ಇದ್ದೆಲ್ಲ."

ಮೈದುನ ಉಳಿದ. ಹನ್ನೆರಡು ದಿನ ದವಾಖಾನೆಯಲ್ಲಿದ್ದು, ಒಂದು ತಿಂಗಳು ಕೆಮ್ಮಿ, ಆಮೇಲೆ ಮೊದಲಿನ ಹಾಗಾದ. ಮನೆಗೆ ಬಂದ ದಿನ ಅತ್ತೆಯೇ ಅವನಿಗೆ ಹೇಳಿದರು, "ವೈನಿ ಕಾಲಿಗೆ ಬೀಳು, ನಿನ್ನ ಜೀವಾ ಉಳಿಸ್ಯಾಳ" ಎಂದು. ಅವನು ಬಿದ್ದ. ಅತ್ತೆ ಒಳಗೆ ಹೋಗಿ, ದಿನಾ ನಾನು ತುಂಬಿಡುತ್ತಿದ್ದ ತಮ್ಮ ನೀರಿನ ತಂಬಿಗೆಯನ್ನು ತಾವೇ ತುಂಬಿಕೊಂಡರು. ಅಲ್ಲಿಂದ ಮುಂದೆ ಒಂದೇ ಮನೆಯಲ್ಲಿ ಇದ್ದೆವು, ನಾನು ಮಾಡಿದ ಅಡುಗೆಯನ್ನು ಮೈದುನ ಬಡಿಸಿದರೆ ಉಣ್ಣುತ್ತಿದ್ದರು, ನನ್ನ ಬಗ್ಗೆ ಯಾರ ಮುಂದೆಯೂ ಒಂದು ಕೆಟ್ಟ ಮಾತು ಆಡಲಿಲ್ಲ. ನನ್ನ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಹಲವು ವರ್ಷಗಳ ನಂತರ, ಅತ್ತೆಯದು ಇನ್ನೇನು ಮುಗಿಯಿತು ಎನ್ನುವ ದಿನ, ಎಲ್ಲರೂ ಒಬ್ಬೊಬ್ಬರಾಗಿ ಅವರ ಬಾಯಿಗೆ ನೀರು ಬಿಟ್ಟರು. ಕಡೆಗೆ ನಾನು ಹೋಗಿ ಕೂತು ಚಮಚ ಹಿಡಿದೆ. ಅವರು ಕಣ್ಣು ತೆರೆದು ನನ್ನ ಗುರುತು ಹಿಡಿದರು, ಆಮೇಲೆ ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡರು.